ಅಡಿಗೆಮನೆಯ ಮರಕ್ಕೆ ಯಾವ ಲೇಪ?

ಕಳೆದ ತಿಂಗಳು ಬಂಗಾರಪೇಟೆಯಿಂದ ಚಿನ್ನದ ಗಣಿಯ ಸೀಮೆಗೆ ಹೋಗಿ, ರಾಬರ್ಟ್‌ಸನ್‌ಪೇಟೆಯಲ್ಲಿರುವ ನಮ್ಮ ಹಳೆಯ ಶಿಷ್ಯನ ಮನೆಯಲ್ಲಿ ಒಂದು ಹೊತ್ತು ಇದ್ದೆವು. ಅಲ್ಲಿ ಒಲೆಯ ಪಕ್ಕದ ಹಲಸಿನ ಹಲಗೆಗೆ ಬಡಗಿಯು ಅರಗಿನ ಮೆರುಗು ಕೊಟ್ಟಿದ್ದನು. ಯುಗಾದಿಯಲ್ಲಿ ಮುಖ ಕಾಣುವಂತಿದ್ದ ಹಲಗೆಯ ಮೇಲೆ ಈಗ ಬಿಸಿಪಾತ್ರೆಗಳ ಬಿಳಿಯ ಬಳೆಗಳು! "ಮರವೇ ಕೆಟ್ಟಿತೆ, ಮೇಷ್ಟ್ರೆ?" ಎಂದು ಮನೆಯಾಕೆ ನೊಂದು ಕೇಳಿದಳು.

ಕೆಟ್ಟುದು ಮರವಲ್ಲ, ಆಯ್ಕೆ. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿದರೆ, ಉಜ್ಜಿದ ಕಾವಿಗೆ ಅದು ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಕಾವಿಗೆ ಅಂಟಿದ್ದು ಕಾವಿಗೇ ಸಡಿಲವಾಗುವುದು ಸಹಜ. ಲಾಕ್ಷಾಗೃಹದ ಕಥೆಯನ್ನು ಬಲ್ಲ ನಮ್ಮ ಸೋದರಿಯರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಆದಕಾರಣ ಅರಗಿನ ಮೆರುಗು ನಡುಮನೆಯ ಪೆಟ್ಟಿಗೆ ಬೀರುಗಳಿಗೆ ಇರಲಿ.

ಒಲೆಯ ಬಳಿಯ, ನೀರು ಸಿಡಿಯುವ ಹಲಗೆಗೆ ಪಾಲಿಯುರಿಥೇನ್ ವಾರ್ನಿಷ್ ಲೇಸು. ತೆಳುವಾಗಿ ಎರಡು ಮೂರು ಸಲ ಬಳಿದು, ನಡುನಡುವೆ ಒಣಗಗೊಟ್ಟು, ಮರಳುಕಾಗದದಿಂದ ಹಗುರವಾಗಿ ಉಜ್ಜತಕ್ಕದ್ದು. ಇದೂ ಅಗ್ನಿಯನ್ನು ಗೆದ್ದುದಲ್ಲ. ಬಿಸಿಪಾತ್ರೆಯ ಕೆಳಗೆ ಸಿಂಬೆ ಇರಲೇಬೇಕು.

ಲಟ್ಟಣಿಗೆ, ಈಳಿಗೆಮಣೆ, ತರಕಾರಿ ಹೆಚ್ಚುವ ಹಲಗೆ, ಇವು ದಿನವೂ ತೇಯುವ ವಸ್ತುಗಳು. ಮೇಲೆ ಪೊರೆ ಕಟ್ಟುವ ಲೇಪಕ್ಕಿಂತ ಒಳಗೆ ಇಳಿಯುವ ಶುದ್ಧ ಅಗಸೆಯೆಣ್ಣೆಯೇ ಇವಕ್ಕೆ ಮೇಲು. ಸವೆದಾಗ ಮತ್ತೆ ಸವರಿದರಾಯಿತು. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆ ಹಾಗೆ ಒಣಗದು. ಜಿಗುಟಾಗಿ ಮುಗ್ಗಲು ನಾರುತ್ತದೆ. ಬಣ್ಣದಂಗಡಿಯ 'ಕುದಿಸಿದ' ಅಗಸೆಯೆಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುವುದುಂಟು. ಆಹಾರ ತಾಕುವ ಮರಕ್ಕೆ ಅದು ಬೇಡ.

ಕೊನೆಯದಾಗಿ, ನಮ್ಮ ತಪ್ಪನ್ನೂ ಹೇಳಿಬಿಡುವೆವು. ಒಮ್ಮೆ ಮಣೆಗಳಿಗೆ ಅಗಸೆಯೆಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದು ಮಲಗಿದೆವು. ಕಿಡಿ ಸೋಕದೆಯೇ ಅದು ಹೊಗೆಯಾಡತೊಡಗಿತು. ಸೊಸೆ ವಾಸನೆ ಹಿಡಿದು ಎಬ್ಬಿಸದಿದ್ದರೆ ಪಕ್ಕದಲ್ಲಿ ಮಲಗಿದ್ದ ಮೊಮ್ಮಗುವಿನ ಗತಿಯೇನಾಗುತ್ತಿತ್ತೋ! ಎಣ್ಣೆ ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ಮುದ್ದೆಯೊಳಗೆ ಅದು ಹೊರಬರಲಾರದೆ ಬೆಂಕಿಯಾಗುತ್ತದೆ. ಅಂತಹ ಬಟ್ಟೆಯನ್ನು ಕೂಡಲೆ ನೀರಿನಲ್ಲಿ ನೆನೆಸಿಡಿರಿ, ಇಲ್ಲವೆ ಅಂಗಳದಲ್ಲಿ ಒಂಟಿಯಾಗಿ ಹರಡಿ ಒಣಗಿಸಿರಿ. ಮರದ ಬಾಳಿಕೆಯ ಯೋಚನೆ ಆಮೇಲೆ. ಮೊದಲು ಮನೆಯವರ ಕ್ಷೇಮ.