ಆ ನಕ್ಷತ್ರ ತೆಗೀರಿ ಸರ್

1/6

ನೇರವಾಗಿ ಹೇಳ್ತೀನಿ. ಹೆಲ್ಪ್ ಡೆಸ್ಕ್‌ನಲ್ಲಿ ಯಾರ ದೂರು ಯಾರ ಟೇಬಲ್‌ಗೆ ಹೋಗಬೇಕು ಅನ್ನೋದನ್ನ ಒಂದು * ಚಿಹ್ನೆ ತೀರ್ಮಾನ ಮಾಡಬಾರದು. ನಮ್ಮ ಕಾಲೇಜಲ್ಲಿ ಮಾಡ್ತಿದೆ. ನಿಮ್ಮ ಕಾಲೇಜಲ್ಲೂ ಮಾಡ್ತಿರಬಹುದು, ಅದಕ್ಕೇ ಈ ಸರಣಿ. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ, ಆರು ಪೋಸ್ಟ್ ಇದೆ. ಕ್ಯಾಂಟೀನಲ್ಲಿ ಕೂತು ನಿಧಾನಕ್ಕೆ ಓದ್ಕೊಳಿ.

ಮೊದಲನೇ ವರ್ಷದವರಿಗೆ ಸ್ವಲ್ಪ ಹಿನ್ನೆಲೆ. ಫೀಸು, ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್, ವೈಫೈ, ಏನೇ ತೊಂದ್ರೆ ಇದ್ರೂ ಪೋರ್ಟಲ್‌ನಲ್ಲಿ ಒಂದು ಫಾರ್ಮ್ ತುಂಬ್ತೀವಿ. ಸಬ್ಮಿಟ್ ಒತ್ತಿದ್ರೆ ಒಂದು ನಂಬರ್ ಬರುತ್ತೆ. ಅದೇ ಟಿಕೆಟ್. ಒಳಗಡೆ ಈ ಟಿಕೆಟ್‌ಗಳು ಕ್ಯೂ ನಿಲ್ತವೆ: ಅಕೌಂಟ್ಸ್‌ದು ಒಂದು, ಪರೀಕ್ಷಾ ವಿಭಾಗದ್ದು ಒಂದು, ಲ್ಯಾಬ್‌ದು ಒಂದು. ಪ್ರತಿ ಸೆಕ್ಷನ್‌ನವರು ಬೆಳಿಗ್ಗೆ ಬಂದು ತಮ್ಮ ಕ್ಯೂ ಮಾತ್ರ ತೆಗೆದು ನೋಡ್ತಾರೆ. ಬೇರೆಯವರದ್ದು ನೋಡಲ್ಲ, ನೋಡೋಕೆ ಟೈಮೂ ಇಲ್ಲ. ಅದನ್ನ ತಪ್ಪು ಅನ್ನಲ್ಲ.

ತಪ್ಪು ಎಲ್ಲಿದೆ ಅಂದ್ರೆ, ನಮ್ಮಲ್ಲಿ ಆ ಕ್ಯೂ ನಿಜವಾದ ಕ್ಯೂನೇ ಅಲ್ಲ. ಸೇವ್ ಮಾಡಿಟ್ಟ ಒಂದು ಹುಡುಕಾಟ ಅಷ್ಟೇ. ಫಾರ್ಮ್‌ನಲ್ಲಿ 'ಇದು ಯಾವ ವಿಭಾಗಕ್ಕೆ' ಅಂತ ಕೇಳೋ ಜಾಗವೇ ಇಲ್ಲ. ವಿಷಯ ಅಂತ ಒಂದು ಸಾಲು, ಕೆಳಗೆ ಒಂದು ಡಬ್ಬ. ಆ ವಿಷಯದ ಸಾಲಲ್ಲಿ ಇಂತಿಂಥ ಅಕ್ಷರ ಇದ್ರೆ ಅಕೌಂಟ್ಸ್‌ನವರ ಪರದೆ ಮೇಲೆ ಕಾಣು, ಇಂತಿಂಥದ್ದು ಇದ್ರೆ ಪರೀಕ್ಷಾ ವಿಭಾಗದವರ ಪರದೆ ಮೇಲೆ ಕಾಣು. ಮುಗೀತು ವ್ಯವಸ್ಥೆ.

ಈ ಸೆಮಿಸ್ಟರ್ ನಾನು ಅಲ್ಲಿ ಸ್ಟೂಡೆಂಟ್ ವಾಲಂಟಿಯರ್, ವಾರಕ್ಕೆ ಮೂರು ಮಧ್ಯಾಹ್ನ. ಪರದೆಯ ಆ ಕಡೆಯಿಂದ ನೋಡಿಯೇ ಬರೀತಿದೀನಿ.

2/6

ವೈಲ್ಡ್‌ಕಾರ್ಡ್ ಅಂದ್ರೆ ಇಸ್ಪೀಟಿನ ಜೋಕರ್. ಯಾವ ಎಲೆ ಬೇಕಾದ್ರೂ ಆಗುತ್ತೆ. ಹುಡುಕಾಟದಲ್ಲಿ * ಅಂದ್ರೆ 'ಇಲ್ಲಿ ಎಷ್ಟು ಅಕ್ಷರ ಬೇಕಾದ್ರೂ ಇರಲಿ, ಇಲ್ದೇ ಇದ್ರೂ ಸರಿ'. ? ಅಂದ್ರೆ 'ಸರಿಯಾಗಿ ಒಂದೇ ಒಂದು'. ಎಕ್ಸೆಲ್ ಪ್ರಾಕ್ಟಿಕಲ್‌ನಲ್ಲಿ ಕೌಂಟ್‌ಇಫ್ ಹಾಕಿದೀವಲ್ಲ, ಅಲ್ಲೂ ಇವೇ ಎರಡು. ಎಸ್‌ಕ್ಯೂಎಲ್‌ನ ಲೈಕ್‌ನಲ್ಲಿ * ಬದಲು % ಇರುತ್ತೆ, ವೇಷ ಬೇರೆ ಆಟ ಅದೇ.

ನಮ್ಮ ಅಕೌಂಟ್ಸ್ ಕ್ಯೂ ಹೇಗಿದೆ ಅಂದ್ರೆ: ಇಂಗ್ಲಿಷಲ್ಲಿ ಎಫ್-ಇ-ಇ ಅಂತ ಮೂರಕ್ಷರ, ಆಚೆ ಈಚೆ ಒಂದೊಂದು *. 'ಫೀ ಅನ್ನೋದು ಎಲ್ಲಿದ್ರೂ ಎತ್ಕೊಂಡು ಬಾ' ಅಂತ. ಕೇಳೋಕೆ ಚೆನ್ನಾಗಿದೆ. ಈಗ ಕಾಫಿ ಸ್ಪೆಲಿಂಗ್ ಬರೀರಿ. ಸಿ-ಓ-ಎಫ್, ಆಮೇಲೆ? ಎಫ್-ಇ-ಇ. ಕ್ಯಾಂಟೀನ್ ಕಾಫಿ ತಣ್ಣಗಿರುತ್ತೆ ಅನ್ನೋ ದೂರು ಅಕೌಂಟ್ಸ್ ಸೂಪರಿಂಟೆಂಡೆಂಟ್ ಟೇಬಲ್‌ಗೆ ಹೋಗಿದೆ, ನಾನೇ ನೋಡಿದೀನಿ. ಫೀಡ್‌ಬ್ಯಾಕ್ ಅನ್ನೋ ಪದದಲ್ಲೂ ಮೊದಲ ಮೂರಕ್ಷರ ಅವೇ. ಲೆಕ್ಚರರ್ ಬಗ್ಗೆ ಕೊಟ್ಟ ಫೀಡ್‌ಬ್ಯಾಕ್ ಎಲ್ಲಾ ಫೀಸ್ ಕೌಂಟರ್‌ಗೆ.

ಹಾಲ್ ಟಿಕೆಟ್ ಕ್ಯೂ ಇನ್ನೂ ಮಜಾ. ಅಲ್ಲಿ ಎಚ್-ಎ-ಎಲ್-ಎಲ್, ಆಚೆ ಈಚೆ *. ಚಲನ್ ಸ್ಪೆಲಿಂಗ್ ನೋಡಿ: ಸಿ ಆದ್ಮೇಲೆ ಎಚ್-ಎ-ಎಲ್-ಎಲ್. ಬ್ಯಾಂಕ್ ಚಲನ್ ಕಳ್ಕೊಂಡವರೆಲ್ಲ ಪರೀಕ್ಷಾ ವಿಭಾಗದ ಪರದೆ ಮೇಲೆ.

ಇವು ನಗು ಬರೋ ತಪ್ಪುಗಳು. ಇವುಗಳಿಂದ ಯಾರಿಗೂ ಭಾರಿ ನಷ್ಟ ಇಲ್ಲ, ಯಾಕಂದ್ರೆ ಯಾರೋ ಒಬ್ಬರ ಕಣ್ಣಿಗೆ ಬೀಳ್ತವೆ. ಅವರು ಬೈಕೊಂಡಾದ್ರೂ ಸರಿಯಾದ ಕಡೆ ತಳ್ತಾರೆ.

ರಮ್ಮಿ ಆಡೋರಿಗೆ ಗೊತ್ತು, ಕೈಯಲ್ಲಿ ಜೋಕರ್ ಇಲ್ಲದ ಒಂದು ಸೀಕ್ವೆನ್ಸ್ ಇಲ್ದೆ ಡಿಕ್ಲೇರ್ ಮಾಡಂಗಿಲ್ಲ. ನಮ್ಮ ಹೆಲ್ಪ್ ಡೆಸ್ಕ್ ಬರೀ ಜೋಕರ್ ಇಟ್ಕೊಂಡು ಡಿಕ್ಲೇರ್ ಮಾಡಿ ಕೂತಿದೆ.

3/6

ಕಣ್ಣಿಗೇ ಬೀಳದೆ ಇರೋದರ ಕಥೆ ಈಗ. ಈ ಪೋಸ್ಟ್ ಒಂದನ್ನಾದ್ರೂ ಪೂರ್ತಿ ಓದಿ.

ಮೊದಲನೇ ವರ್ಷದ ಒಬ್ಬಳು ಜೂನಿಯರ್. ಪಿಯು ತನಕ ಕನ್ನಡ ಮೀಡಿಯಂ. ಫಾರ್ಮ್‌ನಲ್ಲಿ ವಿಷಯ ಅಂತ ಇರೋ ಕಡೆ ಕನ್ನಡದಲ್ಲೇ ಬರೆದಿದ್ಲು: 'ಎರಡನೇ ಕಂತು ಕಟ್ಟೋಕೆ ಟೈಮ್ ಬೇಕು'. ಕೆಳಗೆ ವಿವರ, ವಿದ್ಯಾರ್ಥಿವೇತನ ಬಂದ ಕೂಡ್ಲೇ ಕಟ್ತೀನಿ ಅಂತ. ಪೋರ್ಟಲ್ ಅದನ್ನ ತಗೊಳ್ತು. ನಂಬರ್ ಕೊಡ್ತು. ಹತ್ತೊಂಬತ್ತು ದಿನ ಆ ಟಿಕೆಟ್ ಯಾರ ಪರದೆ ಮೇಲೂ ಬರಲಿಲ್ಲ. ಎಫ್-ಇ-ಇ ಇಲ್ಲ ನೋಡಿ ಅದರಲ್ಲಿ. ಕೊನೇ ದಿನ ದಾಟ್ತು, ದಂಡ ಬಿತ್ತು. ಕೌಂಟರ್‌ಗೆ ಹೋಗಿ ಕೇಳಿದ್ರೆ ಅಲ್ಲಿದ್ದ ಸರ್ ಪರದೆ ತಿರುಗಿಸಿ ತೋರಿಸಿದ್ರು: 'ನೋಡಮ್ಮ, ನಮ್ಮ ಕ್ಯೂನಲ್ಲಿ ಏನೂ ಪೆಂಡಿಂಗ್ ಇಲ್ಲ.'

ಅವರು ಸುಳ್ಳು ಹೇಳಲಿಲ್ಲ. ಅದೇ ನನಗೆ ಸಿಟ್ಟು ಬರಿಸೋದು. ಸುಳ್ಳು ಹೇಳಿದ್ರೆ ಜಗಳ ಆಡಬಹುದಿತ್ತು.

'ಸರಿ, ಕನ್ನಡ ಪದಾನೂ ಫಿಲ್ಟರ್‌ಗೆ ಹಾಕಿಬಿಡೋಣ' ಅಂದ್ರು ಒಬ್ಬರು. ಯಾವುದನ್ನ ಹಾಕ್ತೀರಿ ಸರ್? ಫೀ, ಫೀಸ್, ಫೀಸು, ಪೀಸು, ಶುಲ್ಕ, ಕಂತು, ಹಣ, ದುಡ್ಡು? ಅದರಲ್ಲೂ 'ದುಡ್ಡು' ಅಂತ ಬರೆದು ಮುಂದೆ * ಇಟ್ರೆ 'ದುಡ್ಡಿನ', 'ದುಡ್ಡೇ' ಸಿಗಲ್ಲ, ಕೊನೇ ಸ್ವರ ಬದಲಾಗಿದೆ. 'ದುಡ್ಡ*' ಅಂತ ಕೊಂಬು ಕತ್ತರಿಸಿ ಹಾಕಬೇಕು. ನಮ್ಮ ಭಾಷೆಯಲ್ಲಿ ಪದದ ಬಾಲ ಬೆಳೀತಾ ಹೋಗುತ್ತೆ, ಎಲ್ಲಿ ಕತ್ತರಿಸಬೇಕು ಅನ್ನೋದು ಗೊತ್ತಿರೋರು ಕೂತು ಮಾಡೋ ಕೆಲಸ ಅದು.

? ಚಿಹ್ನೆ ಕಥೆ ಕೇಳಲೇಬೇಡಿ. ಎಕ್ಸೆಲ್‌ನಲ್ಲಿ 'ಶುಲ್ಕ' ಅಂತ ಟೈಪ್ ಮಾಡಿ ಲೆನ್ ಫಾರ್ಮುಲಾ ಹಾಕಿ. ನಮ್ಮ ಕಣ್ಣಿಗೆ ಎರಡಕ್ಷರ, ಎಕ್ಸೆಲ್ ಐದು ಅನ್ನುತ್ತೆ. ಶ, ಕೊಂಬು, ಲ, ಅರ್ಧಾಕ್ಷರದ ಗುರುತು, ಕ. ಒಂದೊಂದೂ ಲೆಕ್ಕ. ಇನ್ನು 'ಹಾಲ್‌ಟಿಕೆಟ್' ಅಂತ ಕೂಡಿಸಿ ಬರೆದ್ರೆ ಮಧ್ಯೆ ಒತ್ತು ಬೀಳದ ಹಾಗೆ ತಡೆಯೋಕೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತೆ. ಅದನ್ನ ಬಿಟ್ಟು ಹುಡುಕು ಅಂತ ಸಾಫ್ಟ್‌ವೇರ್‌ಗೆ ಹೇಳಿಲ್ಲ ಅಂದ್ರೆ ಬಿಡಿಸಿ ಬರೆದಿದ್ದು, ಒತ್ತಾಗಿ ಬರೆದಿದ್ದು, ಇದು, ಮೂರೂ ಮೂರು ಬೇರೆ ಪದ.

4/6

ಎತ್ಕೊಂಡು ಬರೋ ನಕ್ಷತ್ರಕ್ಕಿಂತ ಹೊರಗೆ ಹಾಕೋ ನಕ್ಷತ್ರ ಡೇಂಜರ್.

ಸಾಫ್ಟ್‌ವೇರ್ ಹೊಸದಾಗಿ ಹಾಕಿದಾಗ ಪರೀಕ್ಷೆಗೆ ಅಂತ ಒಂದಷ್ಟು ಸುಳ್ಳು ಟಿಕೆಟ್ ಹಾಕಿದ್ರಂತೆ, 'ಟೆಸ್ಟ್ 1', 'ಟೆಸ್ಟ್ 2' ಅಂತ. ಅವು ಕಾಣದೇ ಇರಲಿ ಅಂತ ಎಲ್ಲಾ ಕ್ಯೂಗೂ ಒಂದು ಷರತ್ತು ಸೇರಿಸಿದಾರೆ: ಟಿ-ಇ-ಎಸ್-ಟಿ ಎಲ್ಲಿದ್ರೂ ತೋರಿಸಬೇಡ. ಆಚೆ ಈಚೆ *. ಆ ಸುಳ್ಳು ಟಿಕೆಟ್‌ಗಳು ಯಾವತ್ತೋ ಅಳಿಸಿ ಹೋದ್ವು. ಷರತ್ತು ಮಾತ್ರ ಹಾಗೇ ಇದೆ.

ಈಗ ಕೂತು ಯೋಚನೆ ಮಾಡಿ, ನಮ್ಮ ದೂರುಗಳಲ್ಲಿ ಟೆಸ್ಟ್ ಎಲ್ಲೆಲ್ಲಿ ಬರುತ್ತೆ. ಇಂಟರ್ನಲ್ ಟೆಸ್ಟ್ ಮಾರ್ಕ್ಸ್ ತಪ್ಪಾಗಿದೆ: ಮಾಯ. ಮಾರ್ಕ್ಸ್ ಕಾರ್ಡ್ ಅಟೆಸ್ಟೇಷನ್ ಬೇಕು: ಸ್ಪೆಲಿಂಗ್ ಒಳಗೆ ಟೆಸ್ಟ್ ಕೂತಿದೆ, ಮಾಯ. ಲೇಟೆಸ್ಟ್ ಸಿಲಬಸ್ ಕಾಪಿ ಕೊಡಿ: ಮಾಯ. ಕಾಂಟೆಸ್ಟ್ ಸರ್ಟಿಫಿಕೇಟ್: ಮಾಯ. ಇದನ್ನ ವಿರೋಧಿಸಿ 'ಪ್ರೊಟೆಸ್ಟ್' ಅಂತ ಟಿಕೆಟ್ ಹಾಕಿದ್ರೂ ಮಾಯ. ಈ ಸಾಲು ಬರೀತಾ ನಾನೇ ನಕ್ಕೆ, ಆಮೇಲೆ ನಗು ಬರಲಿಲ್ಲ.

ಇದೇ ರೋಗ ಕ್ಯೂ ಹೆಸರುಗಳಿಗೂ ಹತ್ತಿದೆ. ವಾರದ ವರದಿ ತೆಗೆಯೋ ಡ್ಯಾಶ್‌ಬೋರ್ಡ್ 'ಯುಜಿ-*' ಅನ್ನೋ ಹೆಸರಿನ ಕ್ಯೂಗಳನ್ನ ಮಾತ್ರ ಕೂಡಿಸುತ್ತೆ. ಯುಜಿ-ಅಕೌಂಟ್ಸ್, ಯುಜಿ-ಪರೀಕ್ಷೆ, ಹೀಗೆ. ಈ ವರ್ಷ ಬಿಸಿಎ ಶುರುವಾದಾಗ ಯಾರೋ ಹೊಸ ಕ್ಯೂ ಮಾಡಿ 'ಬಿಸಿಎ-ಅಕೌಂಟ್ಸ್' ಅಂತ ಹೆಸರಿಟ್ರು. ಬಿಸಿಎನೂ ಯುಜಿನೇ ತಾನೇ? ಆದ್ರೆ ನಕ್ಷತ್ರಕ್ಕೆ ಡಿಗ್ರಿ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಅವರ ಒಂದು ಟಿಕೆಟೂ ವರದಿಗೆ ಬಂದಿಲ್ಲ. ಪ್ರಿನ್ಸಿಪಾಲರು ಮೀಟಿಂಗಲ್ಲಿ 'ಸರಾಸರಿ ಎರಡು ದಿನದಲ್ಲಿ ಪರಿಹಾರ' ಅಂತ ಖುಷಿಯಾಗಿ ಹೇಳ್ತಾರೆ. ಕಂಡಿದ್ದನ್ನ ಮಾತ್ರ ಭಾಗಿಸಿದ್ರೆ ಸರಾಸರಿ ಯಾವಾಗ್ಲೂ ಚೆಂದವೇ.

5/6

ಬಿಕಾಂನವರು ಸ್ವಲ್ಪ ಹತ್ರ ಬನ್ನಿ. ಇದು ನಾವು ಓದಿರೋದೇ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೆ ಲೆಕ್ಕ ಸರಿ ಇದೆ ಅಂತ ಅರ್ಥವಾ? ಅಲ್ಲ. ಒಂದು ವ್ಯವಹಾರವನ್ನ ಬರೆದೇ ಇಲ್ಲ ಅಂದ್ರೆ ಡೆಬಿಟ್ಟೂ ಇಲ್ಲ ಕ್ರೆಡಿಟ್ಟೂ ಇಲ್ಲ, ಎರಡೂ ಕಡೆ ಸಮ, ಸುಂದರವಾಗಿ ಟ್ಯಾಲಿ. ಎರರ್ ಆಫ್ ಒಮಿಷನ್, ಮೊದಲನೇ ಸೆಮ್ ಪಾಠ. ನಮ್ಮ ಹೆಲ್ಪ್ ಡೆಸ್ಕ್‌ನಲ್ಲಿ ಎಲ್ಲಾ ಸೆಕ್ಷನ್‌ನ ಪರದೆ ಮೇಲೂ 'ಪೆಂಡಿಂಗ್ 0' ಅಂತ ಬರೋದು ಅದೇ ಟ್ಯಾಲಿ.

ಆಡಿಟಿಂಗ್‌ನಲ್ಲಿ ಇನ್ನೊಂದು ಹೇಳ್ತಾರೆ. ಪುಸ್ತಕದಲ್ಲಿರೋ ಎಂಟ್ರಿ ನಿಜವಾ ಅಂತ ನೋಡೋಕೆ ಪುಸ್ತಕದಿಂದ ವೋಚರ್ ಕಡೆ ಹೋಗಬೇಕು. ಎಲ್ಲಾ ಎಂಟ್ರಿ ಆಗಿದೆಯಾ ಅಂತ ನೋಡೋಕೆ ಉಲ್ಟಾ, ವೋಚರ್‌ನಿಂದ ಪುಸ್ತಕದ ಕಡೆ. ನಮ್ಮವರು ದಿನಾ ಮೊದಲನೇದು ಮಾಡ್ತಾರೆ: ಕ್ಯೂ ತೆಗೆದು, ಅಲ್ಲಿರೋದನ್ನ ನೋಡಿ, ಮುಗಿಸಿ ಮನೆಗೆ. ಎರಡನೇದು ಯಾರೂ ಮಾಡಲ್ಲ. ಕೊಟ್ಟಿರೋ ನಂಬರ್‌ಗಳನ್ನೆಲ್ಲ ತಗೊಂಡು, ಒಂದೊಂದೂ ಯಾವುದಾದ್ರೂ ಕ್ಯೂನಲ್ಲಿ ಇದೆಯಾ ಅಂತ ನೋಡೋದು. ಎರಡು ಕ್ಯೂನಲ್ಲಿ ಇರೋದೂ ಕಾಯಿಲೆನೇ, ಅವರು ಮಾಡ್ತಾರೆ ಅಂತ ಇವರು, ಇವರು ಮಾಡ್ತಾರೆ ಅಂತ ಅವರು.

ಟ್ಯಾಲಿ ಆಗದೇ ಉಳಿದಿದ್ದನ್ನ ನಾವು ಏನ್ ಮಾಡ್ತೀವಿ? ಎಸೆಯಲ್ಲ. ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ, ಆಮೇಲೆ ಹುಡುಕಿ ಖಾಲಿ ಮಾಡ್ತೀವಿ. ಆ ಹುಡುಗಿ ಟಿಕೆಟ್‌ಗೆ ಒಂದು ಸಸ್ಪೆನ್ಸ್ ಅಕೌಂಟೂ ಇರಲಿಲ್ಲ. ಕಾಮರ್ಸ್ ಡಿಪಾರ್ಟ್‌ಮೆಂಟ್ ಇರೋ ಕಾಲೇಜಲ್ಲಿ!

6/6

ಸ್ಟೋರಿಗೆ ಬಂದ ರಿಪ್ಲೈಗಳಿಗೆ ಉತ್ತರ.

'ವೈಲ್ಡ್‌ಕಾರ್ಡ್ ಪವರ್‌ಫುಲ್ ಫೀಚರ್, ನಿಂಗೆ ಗೊತ್ತಿಲ್ಲ.' ಗೊತ್ತಿದೆ ಮಗಾ. ಹಾಸ್ಟೆಲ್ ವೈಫೈ ಬಿದ್ದ ದಿನ ವೈಫೈ ಅಂತ ಹುಡುಕಿ ಎಲ್ಲಾ ಟಿಕೆಟ್ ಒಂದಕ್ಕೆ ಜೋಡಿಸಿದ್ದು ನಾನೇ, ಐದು ನಿಮಿಷದ ಕೆಲಸ. ರಸೀದಿ ನಂಬರ್‌ನ ಮೊದಲ ನಾಲ್ಕಂಕಿ ಮಾತ್ರ ಗೊತ್ತಿದ್ದಾಗ್ಲೂ ಅದೇ ಕೈ ಹಿಡಿಯೋದು. ಅಲ್ಲಿ ಹುಡುಕೋನು ಮನುಷ್ಯ. ಬಂದ ಪಟ್ಟಿ ನೋಡ್ತಾನೆ, ಏನೋ ಕಮ್ಮಿ ಇದೆ ಅನ್ಸಿದ್ರೆ ಇನ್ನೊಂದು ಥರ ಹುಡುಕ್ತಾನೆ. ಸೇವ್ ಮಾಡಿಟ್ಟ ಫಿಲ್ಟರ್‌ಗೆ ಯಾವತ್ತೂ ಅನುಮಾನ ಬರಲ್ಲ. ಅಂದಹಾಗೆ ಲೂಸೀನ್ ಅಂತ ಒಂದು ಹುಡುಕಾಟದ ಲೈಬ್ರರಿ ಇದೆ, ಅದರ ಕ್ಲಾಸಿಕ್ ಕ್ವೆರಿ ಪಾರ್ಸರ್ ಪದದ ಮೊದಲಲ್ಲೇ * ಇಟ್ರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಪ್ಪೋದೇ ಇಲ್ಲ. ನಿಘಂಟಲ್ಲಿ 'ಕ'ದಿಂದ ಶುರುವಾಗೋ ಪದ ತಕ್ಷಣ ಸಿಗುತ್ತೆ, 'ಕ'ದಲ್ಲಿ ಮುಗಿಯೋ ಪದ ಬೇಕಂದ್ರೆ ಪುಟ ಪುಟ ಮಗುಚಬೇಕು, ಅದಕ್ಕೆ.

'ಎಲ್ಲರೂ ಇಂಗ್ಲಿಷಲ್ಲಿ ವಿಷಯ ಬರೀಲಿ, ಮುಗೀತಲ್ಲ.' ಮುಗಿಯಲ್ಲ. 'ಪೇಮೆಂಟ್ ಎರಡು ಸಲ ಕಟ್ ಆಗಿದೆ' ಅಂತ ಶುದ್ಧ ಇಂಗ್ಲಿಷಲ್ಲಿ ಬರೆದ್ರೂ ಅದರಲ್ಲಿ ಎಫ್-ಇ-ಇ ಇಲ್ಲ. ಹಾಗಾದ್ರೆ ಪಿ-ಎ-ವೈ ಸೇರಿಸೋಣ ಅಂತೀರಾ? ಪಪಾಯ ಸ್ಪೆಲಿಂಗ್ ಬರೆದು ನೋಡಿ, ಜ್ಯೂಸ್ ಅಂಗಡಿ ದೂರೂ ಬರುತ್ತೆ. ಅಲ್ಲದೆ ಕನ್ನಡದಲ್ಲಿ ಬರೆದಿದ್ದನ್ನ ತಗೊಂಡು ನಂಬರ್ ಕೊಟ್ಟವರು ಯಾರು? ರಸೀದಿ ಕೊಟ್ಟಾದ್ಮೇಲೆ ಭಾಷೆ ಸರಿ ಇಲ್ಲ ಅನ್ನೋಕಾಗಲ್ಲ.

'ಡ್ರಾಪ್‌ಡೌನ್ ಕೊಟ್ರೆ ಹುಡುಗ್ರು ತಪ್ಪು ಸೆಲೆಕ್ಟ್ ಮಾಡ್ತಾರೆ.' ಮಾಡಲಿ. ತಪ್ಪು ಟೇಬಲ್‌ಗೆ ಹೋದ ಟಿಕೆಟ್‌ನ ಒಬ್ಬರಾದ್ರೂ ನೋಡ್ತಾರೆ, ಕಾಫಿ ದೂರಿನ ಥರ.

ಹಾಗಾಗಿ ನಾವು ಕೇಳ್ತಿರೋದು ದೊಡ್ಡದೇನಲ್ಲ, ಹೊಸ ಸಾಫ್ಟ್‌ವೇರೂ ಬೇಡ. ಫಾರ್ಮ್‌ನಲ್ಲಿ ವಿಭಾಗ ಆರಿಸೋ ಪಟ್ಟಿ, ಹೆಸರುಗಳು ಕನ್ನಡದಲ್ಲೂ ಇರಲಿ, ಕೊನೇಲಿ 'ಇತರೆ'. ಕ್ಯೂ ಆ ಆಯ್ಕೆ ಮೇಲೆ ನಡೀಲಿ, ವಿಷಯದ ಸಾಲಿನ ಮೇಲಲ್ಲ. ಯಾರ ಕ್ಯೂಗೂ ಸೇರದ ಟಿಕೆಟ್‌ಗಳಿಗೆ ಒಂದು ಪರದೆ, ಅದನ್ನ ದಿನಾ ಸಂಜೆ ಖಾಲಿ ಮಾಡೋಕೆ ಒಬ್ಬರು ಗೊತ್ತಾದವರು. ವಾಲಂಟಿಯರ್ ಬೇಕಂದ್ರೆ ನಾನಿದೀನಿ. ಎಲ್ಲಾ ಕ್ಯೂ ಕೂಡಿಸಿದ್ರೆ ಒಟ್ಟು ತೆರೆದಿರೋ ಟಿಕೆಟ್ ಲೆಕ್ಕಕ್ಕೆ ಸರಿಹೋಗಬೇಕು. ಆ 'ಟೆಸ್ಟ್' ಷರತ್ತು ಇವತ್ತೇ ಹೋಗಬೇಕು. ಆ ಜೂನಿಯರ್‌ಗೆ ಹಾಕಿದ ದಂಡ ವಾಪಸ್ ಕೊಡಬೇಕು.

ಪತ್ರ ಕ್ಲಾಸ್ ಗ್ರೂಪ್‌ನಲ್ಲಿದೆ, ಶನಿವಾರದೊಳಗೆ ಸಹಿ ಹಾಕಿ. ಒಂದು ವಾರಕ್ಕಿಂತ ಹಳೇ ಟಿಕೆಟ್ ಉತ್ತರ ಇಲ್ದೆ ಬಿದ್ದಿದ್ರೆ ನಂಬರ್, ಜೊತೆಗೆ ವಿಷಯದ ಸಾಲು ನಂಗೆ ಮೆಸೇಜ್ ಮಾಡಿ. ಸ್ಪೆಲಿಂಗ್ ತಿದ್ದಬೇಡಿ ಪ್ಲೀಸ್, ಅವತ್ತು ಹೇಗೆ ಬರೆದಿದ್ರೋ ಹಾಗೇ ಕಳ್ಸಿ.

#ಹೆಲ್ಪ್‌ಡೆಸ್ಕ್ #ಬಿಕಾಂಹುಡುಗ್ರು #ಪೆಂಡಿಂಗ್‌ಸೊನ್ನೆ