ಸೀಟು ಸಿಕ್ಕಿತು, ವಿದ್ಯೆ ಸಿಕ್ಕಿತೇ?

2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆಯು ತನ್ನ ಮೈಸೂರಿನ ತರಬೇತಿ ಕೇಂದ್ರದಿಂದ 300ಕ್ಕೂ ಅಧಿಕ ಯುವಕ-ಯುವತಿಯರನ್ನು ಹೊರಕಳುಹಿಸಿತು. ಅವರಲ್ಲಿ ಅನೇಕರು 2022ರಲ್ಲಿ ಪದವಿ ಮುಗಿಸಿ, ಎರಡು ವರ್ಷಗಳಷ್ಟು ಕಾದು, 2024ರ ಅಕ್ಟೋಬರ್‌ನಲ್ಲಷ್ಟೇ ಕೆಲಸಕ್ಕೆ ಸೇರಿದವರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂದು ಸಂಸ್ಥೆ ಹೇಳಿತು. ಪರೀಕ್ಷೆಯನ್ನೇ ಕಠಿಣಗೊಳಿಸಲಾಯಿತು ಎಂದು ಹೊರಬಿದ್ದವರು ದೂರಿದರು. ಕಂಪೆನಿಯ ನಡವಳಿಕೆಯ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಆಗಬೇಕಾದದ್ದೇ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಬದಿಗೆ ಸರಿಯಿತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಪದವಿ ಪಡೆದವರಿಗೆ ಕಂಪೆನಿಯೊಂದು ಮತ್ತೆ ಮೊದಲಿನಿಂದ ಪಾಠ ಹೇಳಬೇಕಾಗಿ ಬರುವುದೇಕೆ? ಹಾಗಾದರೆ ಆ ನಾಲ್ಕು ವರ್ಷ ಕಾಲೇಜುಗಳು ಮಾಡಿದ್ದೇನು?

ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದತ್ತ ಸಾಗಿದರೆ ಇಂಜಿನಿಯರಿಂಗ್ ಕಾಲೇಜುಗಳ ಫಲಕಗಳು ಒಂದರ ಹಿಂದೊಂದು ಎದುರಾಗುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಎಲ್ಲ ಕಾಲೇಜುಗಳೂ ಯಶವಂತಪುರದ ಪಕ್ಕದಲ್ಲಿರುವ, 1909ರಲ್ಲಿ ಸ್ಥಾಪನೆಯಾದ ಟಾಟಾ ಇನ್‌ಸ್ಟಿಟ್ಯೂಟ್‌ನಂತಾಗಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಹೆಸರಿಲ್ಲದ ಸಾಧಾರಣ ಕಾಲೇಜಿನಲ್ಲಿ ಕನಿಷ್ಠ ಪಾಠವಾದರೂ ನಡೆಯಬೇಕಲ್ಲವೇ? ಅಲ್ಲಿನ ವಿದ್ಯಾರ್ಥಿಗಳನ್ನು ಮಾತಿಗೆಳೆದರೆ ಕೇಳಿಬರುವ ಕಥೆ ಬಹುತೇಕ ಒಂದೇ. ಸೆಮಿಸ್ಟರ್ ನಡುವೆಯೇ ಬದಲಾಗುವ ಉಪನ್ಯಾಸಕರು, ಹಿರಿಯರ ರೆಕಾರ್ಡ್ ಪುಸ್ತಕ ನೋಡಿ ಬರೆಯುವ ಪ್ರಯೋಗಗಳು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆದು ಪಡೆಯುವ ಅಂಕಗಳು, ಕೊನೆಯ ವರ್ಷ ದುಡ್ಡು ಕೊಟ್ಟು ಕೊಂಡುಕೊಳ್ಳುವ ಪ್ರಾಜೆಕ್ಟ್. ಇಷ್ಟಾದ ಮೇಲೆ ಕೆಲಸ ಸಿಗಬೇಕಾದರೆ ಖಾಸಗಿ ತರಬೇತಿ ಕೇಂದ್ರಕ್ಕೆ ಮತ್ತೊಮ್ಮೆ ಶುಲ್ಕ.

ಇದಕ್ಕೆ ವಿದ್ಯಾರ್ಥಿಗಳ ಸೋಮಾರಿತನವನ್ನಷ್ಟೇ ದೂರುವುದು ಸುಲಭ. ನಿಜವಾಗಿ, ಕೊರತೆ ಆರಂಭವಾಗುವುದು ಬೋಧಕರಿಂದ. ಮೊದಲು 15 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಇರಬೇಕೆಂಬ ನಿಯಮವಿತ್ತು. 2018ರಲ್ಲಿ ಎಐಸಿಟಿಇ ಅದನ್ನು 20ಕ್ಕೆ ಏರಿಸಿತು. ಹೀಗೆ ಸಡಿಲಗೊಂಡ ನಿಯಮವಾದರೂ ಪಾಲನೆಯಾಗುತ್ತಿದೆಯೇ? ನೆರೆಯ ತಮಿಳುನಾಡಿನಲ್ಲಿ 2024ರಲ್ಲಿ ಬಯಲಾದ ಹಗರಣವನ್ನು ನೋಡಿ: ನೂರಾರು ಬೋಧಕರ ಹೆಸರುಗಳು ಏಕಕಾಲದಲ್ಲಿ ಒಂದಕ್ಕಿಂತ ಹೆಚ್ಚು ಕಾಲೇಜುಗಳ ದಾಖಲೆಗಳಲ್ಲಿದ್ದವು. ತಪಾಸಣೆಯ ದಿನ ಕಾಗದದಲ್ಲಿ ಹಾಜರಾಗುವ ಅಧ್ಯಾಪಕ ತರಗತಿಯಲ್ಲಿ ಕಾಣಿಸುವುದಾದರೂ ಹೇಗೆ? ನಮ್ಮ ರಾಜ್ಯದ ಚಿತ್ರಣವೂ ಹೆಮ್ಮೆಪಡುವಂಥದ್ದಲ್ಲ. ಅದೇ 2024ರಲ್ಲಿ ಇಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಕುರಿತು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಪೊಲೀಸರ ಮೊರೆಹೋಗಬೇಕಾಯಿತು, ಹಲವರ ಬಂಧನವೂ ಆಯಿತು. ಸೀಟು ಸರಕಾದ ಕಡೆ ಪಾಠ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಸಮುದಾಯಕ್ಕೆ ಈ ಪ್ರಶ್ನೆ ಇನ್ನಷ್ಟು ಗಂಭೀರವಾದುದು. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ರಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರ ಸಾಚಾರ್ ವರದಿ ಹೇಳಿತ್ತು. ಉಳಿದವರು ಎಲ್ಲಿ ಓದುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್.ಟಿ. ನಗರದ ಒಂದು ಸಾಮಾನ್ಯ ಕುಟುಂಬ ಮಗನ ಸೀಟಿಗಾಗಿ ಒಡವೆ ಅಡವಿಡುತ್ತದೆ, ಇಲ್ಲವೇ ಊರಿನ ನಿವೇಶನ ಮಾರುತ್ತದೆ. ಮಗಳಾದರೆ, ಮನೆಗೆ ಹತ್ತಿರದ ಕಾಲೇಜೇ ಆಗಬೇಕೆಂಬ ಕಟ್ಟಳೆ ಬೇರೆ. ಹತ್ತಿರದ ಕಾಲೇಜು ಕಳಪೆಯಾದರೆ ಅವಳ ಓದೂ ಅಲ್ಲಿಗೇ ಮುಗಿಯಿತು. ಇಷ್ಟು ಬೆಲೆ ತೆತ್ತು ತಂದ ಪದವಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲವೆಂದಾದಾಗ ಪೆಟ್ಟು ಬೀಳುವುದು ಒಬ್ಬ ಯುವಕನಿಗೆ ಮಾತ್ರವಲ್ಲ. 'ಅಣ್ಣ ಓದಿ ಏನು ಕಡಿದ?' ಎಂಬ ಮಾತು ತಮ್ಮ, ತಂಗಿಯರ ಓದಿನ ಬಾಗಿಲನ್ನೂ ಮುಚ್ಚುತ್ತದೆ.

2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಿದಾಗ ಸಮುದಾಯ ಪ್ರತಿಭಟಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಯಾಗದೆ ನಿಂತಿತು. ಸೀಟಿಗಾಗಿ ನಡೆದ ಆ ಹೋರಾಟ ನ್ಯಾಯಯುತವಾದುದು. ಆದರೆ ಸೀಟು ಸಿಕ್ಕ ಮೇಲೆ ನಾಲ್ಕು ವರ್ಷ ಅಲ್ಲಿ ನಡೆಯುವುದೇನು ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ನಮ್ಮವರೇ ನಡೆಸುವ ಸಂಸ್ಥೆಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1958ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ಪೋಷಕರು ಕಟ್ಟಿದ ಶುಲ್ಕ ಅಮಾನತ್ತು. ಅದನ್ನು ಕಟ್ಟಡದ ಗಾಜಿಗೆ ಸುರಿದು ಅಧ್ಯಾಪಕರ ಸಂಬಳ ಬಾಕಿ ಇಡುವವರು, ಅವರು ಯಾರೇ ಆಗಿರಲಿ, ಉತ್ತರ ಹೇಳಲೇಬೇಕು.

ಪೋಷಕರು ಮಾಡಬಹುದಾದದ್ದೂ ಇದೆ. ಕಾಲೇಜಿನ ಜಾಹೀರಾತಿನಲ್ಲಿರುವ ಸಂಬಳದ ಅಂಕಿಗಳನ್ನು ನಂಬುವ ಮೊದಲು ಅಲ್ಲಿ ಎರಡನೇ ವರ್ಷ ಓದುತ್ತಿರುವ ನಾಲ್ವರನ್ನು ಭೇಟಿಯಾಗಿ. ಆ ವಿಭಾಗದಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ಅಧ್ಯಾಪಕರೆಷ್ಟು ಎಂದು ಕೇಳಿ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದ್ದು. ನಿಮ್ಮ ಮಗು ಸೇರಲಿರುವ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಪ್ರತ್ಯೇಕವಾಗಿ ವಿಚಾರಿಸಿ. ಎಸೆಸೆಲ್ಸಿ ಮುಗಿಸಿದವರಿಗೆ ಬೇರೆ ದಾರಿಗಳೂ ಇವೆ. ಡೆನ್ಮಾರ್ಕ್ ನೆರವಿನೊಂದಿಗೆ 1972ರಲ್ಲಿ ಆರಂಭವಾದ ಜಿಟಿಟಿಸಿ ಇರುವುದು ಯಶವಂತಪುರದಿಂದ ದೂರವಲ್ಲದ ರಾಜಾಜಿನಗರದಲ್ಲಿ. ಅಲ್ಲಿ ಯಂತ್ರದ ಮುಂದೆ ನಿಂತು ಕಲಿಯಬೇಕು. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಮದುವೆಯ ಮಾತುಕತೆಯಲ್ಲಿ 'ಇಂಜಿನಿಯರ್' ಎಂಬ ಪದಕ್ಕಿರುವ ತೂಕ ಡಿಪ್ಲೊಮಾಕ್ಕೆ ಇಲ್ಲದಿರಬಹುದು. ಆದರೆ ಸಂಸಾರ ನಡೆಯುವುದು ದುಡಿಮೆಯಿಂದ.

ಪ್ರತಿ ವರ್ಷ ಸಿಇಟಿ ಫಲಿತಾಂಶದ ಬಳಿಕ ನಮ್ಮ ಸಂಘಟನೆಗಳು ಪ್ರತಿಭಾ ಪುರಸ್ಕಾರ ಏರ್ಪಡಿಸುತ್ತವೆ, ಶಾಲು ಹೊದಿಸುತ್ತವೆ. ಅದು ಮುಂದುವರಿಯಲಿ. ಜೊತೆಗೆ, ನಾಲ್ಕು ವರ್ಷಗಳ ಹಿಂದೆ ಶಾಲು ಹೊದಿಸಿಕೊಂಡವರನ್ನೂ ಒಮ್ಮೆ ಅದೇ ವೇದಿಕೆಗೆ ಕರೆಯಲಿ. ಅವರು ಯಾವ ಕಾಲೇಜಿನಲ್ಲಿ ಏನು ಕಲಿತರು, ಏನು ಕಲಿಯಲಿಲ್ಲ ಎಂಬುದನ್ನು ಹೊಸದಾಗಿ ಸೇರಲಿರುವವರ ತಂದೆ-ತಾಯಂದಿರು ಅವರ ಬಾಯಿಂದಲೇ ಕೇಳಲಿ.