ವಿಷವೂ ಗಾಳಿಗೆ, ನಿಯಮವೂ ಗಾಳಿಗೆ

ಡ್ರೋನ್‌ನಲ್ಲಿ ಔಷಧಿ ಹೊಡೆದರೆ ಕೂಲಿಯೂ ಉಳಿಯುತ್ತದೆ, ನೀರೂ ಉಳಿಯುತ್ತದೆ ಎನ್ನುತ್ತಾರೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆಯಡಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿಯಿತ್ತು. ಬೆನ್ನಿಗೆ ಪಂಪು ಹೊತ್ತವರ ಕಷ್ಟ ತಪ್ಪಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೊಲದ ಪಕ್ಕದ ಮನೆಯವರ ಪಾಡೇನು? ಕಾಸರಗೋಡು ಇದಕ್ಕೆ ಎಂದೋ ಉತ್ತರ ಕೊಟ್ಟಿದೆ.

ಅಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು, ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟ ಸಾಯಲೆಂದು. ಬಾವಿ ಮುಚ್ಚಿಕೊಳ್ಳಿ ಎಂದು ಊರವರಿಗೆ ಹೇಳುತ್ತಿದ್ದರು. ಎಣ್ಮಕಜೆಯ ಪಡ್ರೆಯಲ್ಲಿ ತೋಟ ಗುಡ್ಡದ ನೆತ್ತಿಯ ಮೇಲೆ, ಮನೆಗಳು ಬುಡದಲ್ಲಿ. ಕುಡಿಯುವ ನೀರು ಗುಡ್ಡದ ಒಡಲು ಕೊರೆದ ಸುರಂಗದ್ದು. ನೆತ್ತಿಗೆ ಬಿದ್ದದ್ದು ಇಂಗಿ ಇಳಿಯುವುದು ಅಲ್ಲಿಗೇ. ಅದಕ್ಕೆ ಯಾವ ಟಾರ್ಪಾಲು ಹೊದಿಸಬೇಕಿತ್ತು?

ಪತ್ರಕರ್ತ ಶ್ರೀಪಡ್ರೆ ಇದರ ಬಗ್ಗೆ ಬರೆದರು. ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳನ್ನು ನೋಡಿ ಪ್ರಶ್ನೆ ಎತ್ತಿದರು. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿಯಮ್ಮ ಕೋರ್ಟಿನ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟ್ ನಿಷೇಧ ಹೇರಿದ್ದು 2011ರಲ್ಲಿ; ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದದ್ದು 2017ರಲ್ಲಿ; ಕೊಡಲಿಲ್ಲವೆಂದು ಕೇರಳ ಸರ್ಕಾರವನ್ನು ಮತ್ತೆ ಗದರಿದ್ದು 2022ರಲ್ಲಿ. ಪ್ರತಿ ರೋಗಕ್ಕೂ ಎಂಡೋಸಲ್ಫಾನೇ ಕಾರಣವೆಂದು ಸಾಬೀತಾಗಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಸಾಬೀತು ಮಾಡುವ ಹೊರೆಯನ್ನು ಹಾಸಿಗೆ ಹಿಡಿದ ಮಗುವಿನ ತಾಯಿಯ ತಲೆಗೆ ಹೊರಿಸುವುದು ಅನ್ಯಾಯ. ವಿಷ ಸುರಿದವರು ಹೊರಲಿ.

ನಿಯಮ ಇರಲಿಲ್ಲವೆಂದಲ್ಲ. ವಿಮಾನದಿಂದ ಸಿಂಪಡಿಸುವ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜನ-ಜಾನುವಾರು ಒಳಬಾರದಂತೆ ತಡೆಯಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ.

ಈಗ ಡ್ರೋನ್ ಹಾರಬಹುದಾದ ಪುಣೆ ಜಿಲ್ಲೆಯ ರಾಂಜಣಗಾಂವದಂಥ ಊರನ್ನು ನೋಡಿ. ಒಂದು ಕಡೆ ಕೈಗಾರಿಕಾ ವಸಾಹತಿನ ಕಾರ್ಖಾನೆಗಳು, ಇನ್ನೊಂದು ಕಡೆ ಕಬ್ಬು, ನಡುವೆ ಕಾರ್ಮಿಕರ ಬಾಡಿಗೆ ಖೋಲಿಗಳು. ಕಬ್ಬಿನ ಕಳೆಗೆ ಹೊಡೆಯುವ 2,4-ಡಿ ಗಾಳಿಗೆ ತೇಲಿಹೋದರೆ ಪಕ್ಕದ ದ್ರಾಕ್ಷಿ, ಟೊಮೆಟೊ ಎಲೆ ಮುರುಟುತ್ತದೆ. ಬೆಳೆಗಾರ ಅದನ್ನು ಕಂಡು ಜಗಳಕ್ಕಾದರೂ ನಿಲ್ಲುತ್ತಾನೆ. ರಾತ್ರಿ ಪಾಳಿ ಮುಗಿಸಿ ಕಿಟಕಿ ತೆರೆದು ಮಲಗಿದ ಕಲಬುರಗಿಯ ಹುಡುಗನಿಗೆ ಯಾರು ಹೇಳುತ್ತಾರೆ? ಪಂಚಾಯಿತಿ ಗೋಡೆಗೆ ಅಂಟಿಸಿದ ಮರಾಠಿ ನೋಟಿಸು ಅವನನ್ನು ಮುಟ್ಟದು.

ಮನೆ, ಶಾಲೆ, ನೀರಿನ ಸೆಲೆಯಿಂದ ಇಷ್ಟು ದೂರವೆಂದು ಗೆರೆ ಎಳೆಯಿರಿ. ಮನೆ ಬಾಗಿಲಿಗೆ ಹೋಗಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಹಿಂದಿನ ದಿನವೇ ಹೇಳಿ. ಪ್ರತಿ ಹಾರಾಟದ ಹೊತ್ತಿನ ಗಾಳಿಯ ವೇಗ, ಔಷಧಿಯ ಹೆಸರು ಪಂಚಾಯಿತಿಯ ದಾಖಲೆಗೆ ಬರಲಿ, ಕೇಳಿದವರಿಗೆ ಸಿಗಲಿ. ಇಷ್ಟೂ ಆಗುವವರೆಗೆ ವಸತಿಯ ಪಕ್ಕದ ಹೊಲದಲ್ಲಿ ಡ್ರೋನ್ ಹಾರಿಸಲು ಪರವಾನಗಿ ಕೊಡಬೇಡಿ.